ಗೆದ್ದ ಟೇಪು

ಟೊಮೇಟೊ ಕೊಳ್ಳುವುದಕ್ಕೆ ಬಾಯಿ ಬೇಕಾಗಿಲ್ಲ ಎಂಬುದನ್ನು ಅವಳು ಕಲಿತು ಬಹಳ ಕಾಲವಾಗಿತ್ತು. ಬುಟ್ಟಿಯ ಕಡೆ ಬೆರಳು ತೋರಿಸಿ, ತಕ್ಕಡಿಯ ಕಡೆ ನೋಡಿ, ಸಾಕು ಎನಿಸಿದಾಗ ಅಂಗೈ ಅಡ್ಡ ಹಿಡಿದರೆ ವ್ಯಾಪಾರ ಮುಗಿಯಿತು. ಈ ಬೀದಿಯ ತರಕಾರಿಯವನು ಅವಳನ್ನು ಮೂಕಿ ಎಂದೇ ತಿಳಿದಿದ್ದ. ಪಾಪ, ಬಾಯಿಲ್ಲದವಳು ಎಂದು ಒಂದು ಹಿಡಿ ಹಸಿಮೆಣಸಿನಕಾಯಿಯನ್ನು ಸುಮ್ಮನೆ ಚೀಲಕ್ಕೆ ಹಾಕುತ್ತಿದ್ದ. ಅದನ್ನು ಮನೆಯಲ್ಲಿ ಹೆಚ್ಚುವಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು. ಹೊತ್ತು ಹೊತ್ತಿಗೆ ಊರಿಗೆಲ್ಲ ವಾರ್ತೆ ಓದುವವಳು ಮೆಣಸಿನಕಾಯಿಯ ಆಸೆಗೆ ಮೂಕಿಯಾದೆನಲ್ಲ ಎಂದು. ಇವತ್ತು ಅಂಗಡಿಯಲ್ಲಿ ಅವನಿರಲಿಲ್ಲ, ಅವನ ಹೆಂಡತಿ ಕೂತಿದ್ದಳು. ಆಕೆಗೆ ಬೆರಳಿನ ಭಾಷೆ ಬಾರದು. ಟೊಮೇಟೊ ತೋರಿಸಿದರೆ ಈರುಳ್ಳಿ ಸುರಿದಳು, ಮತ್ತೆ ತೋರಿಸಿದರೆ ಬದನೆಕಾಯಿ. ಅವಳಿಗೆ ತಾಳ್ಮೆ ತಪ್ಪಿತು. "ಅದಲ್ಲಮ್ಮಾ, ಟೊಮೇಟೊ. ಅರ್ಧ ಕೆ.ಜಿ." ಎಂದುಬಿಟ್ಟಳು. ಹಿಂದೆ ನಿಂತಿದ್ದ ಮುದುಕಿ ತಲೆ ಎತ್ತಿದಳು. "ನೀನೇ ಅಲ್ವಾ?" ಎಂದಳು, ಸೊಪ್ಪಿನ ದರ ಕೇಳುವಷ್ಟೇ ಮೆಲ್ಲಗೆ. "ನನ್ನ ಮಗನ್ನ ಹೊರಗೆ ಕರೆದವಳು ನೀನೇ ಅಲ್ವಾ?" ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ತಲೆ ಬಗ್ಗಿಸಿಕೊಂಡು ಓಡಬಹುದಿತ್ತು. ಅಂಗಡಿಯವಳು ಅವಳ ಮುಖ ನೋಡದೆ ಟೊಮೇಟೊ ತೂಗಿ ಚೀಲಕ್ಕೆ ಹಾಕಿದಳು. ಮೆಣಸಿನಕಾಯಿ ಹಾಕಲಿಲ್ಲ.

ಚೀಲ ಹಿಡಿದು ರೇಡಿಯೋ ಕೇಂದ್ರದ ದಾರಿಯಲ್ಲಿ ನಡೆಯುವಾಗ ಬೆನ್ನಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಹೌದಮ್ಮಾ, ನಾನೇ, ಎಂದು ಹೇಳಬಹುದಿತ್ತು. ಅಲ್ಲಮ್ಮಾ, ನಾನಲ್ಲ, ಎಂದೂ ಹೇಳಬಹುದಿತ್ತು; ಅದೂ ಅಷ್ಟೇ ನಿಜ. ರೇಡಿಯೋದವರಲ್ಲಿ ಒಂದು ಪದ್ಧತಿ ಇದೆ. ಸಾವು, ಗೆಲುವು, ಸೋಲು ಇವು ಹೇಳಿ ಕೇಳಿ ಬರುವಂಥವಲ್ಲ, ಬಂದಾಗ ಓದುವವರು ಬಚ್ಚಲಲ್ಲಿರಬಹುದು; ಆದ್ದರಿಂದ ಅಂಥ ಸುದ್ದಿಯನ್ನೆಲ್ಲ ಮುಂಚೆಯೇ ಓದಿಸಿ, ಟೇಪು ಮಾಡಿ, ಬೀರುವಿನಲ್ಲಿ ಇಟ್ಟಿರುತ್ತಾರೆ. ದೇಶವಾಳುವ ದೊಡ್ಡವರು ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿರುವಾಗಲೇ ಅವರ ಸಾವಿನ ಸುದ್ದಿಯನ್ನು ಅವಳು ಗದ್ಗದ ಕಂಠದಲ್ಲಿ ಓದಿ ಮುಗಿಸಿದ್ದಳು. ಓದಿದ ಮೇಲೆ ಕ್ಯಾಂಟೀನಿಗೆ ಹೋಗಿ ಚಹ ಕುಡಿದಿದ್ದಳು. ಆ ಟೇಪು ಈಗಲೂ ಬೀರುವಿನಲ್ಲಿದೆ. ಟೇಪಿನ ಕೋಣೆಯ ಕತ್ತರಿಯಣ್ಣ ಅದರ ಧೂಳು ಒರೆಸುವಾಗ, "ದೊಡ್ಡವರ ಆಯಸ್ಸು ಗಟ್ಟಿ ಕಣಮ್ಮಾ, ಟೇಪೇ ಮೊದಲು ಸಾಯೋ ಹಾಗಿದೆ" ಎಂದು ಬಾಗಿಲ ಕಡೆ ನೋಡಿಕೊಂಡು ಹೇಳುತ್ತಾನೆ. ಹುಡುಗರು ದೊಡ್ಡವರ ಮೇಲೆ ದಂಗೆ ಎದ್ದ ವರ್ಷವೂ ಹಾಗೆಯೇ ಆಯಿತು. ಹುಡುಗರು ಮೊದಲು ಹಿಡಿದದ್ದು ರೇಡಿಯೋ ಕೇಂದ್ರವನ್ನು. ಅವರ ಬೆನ್ನಿಗೆ ನಿಂತ ಹೊರದೇಶದವರು ಪೆಟ್ಟಿಗೆಗಟ್ಟಲೆ ಸಾಮಾನು ತಂದು ಇಳಿಸಿದರು. ಹಳೆಯ ಪ್ರಸಾರಯಂತ್ರದ ದನಿ ಊರ ಗಡಿ ದಾಟುವಷ್ಟರಲ್ಲಿ ಉಬ್ಬಸ ಪಡುತ್ತಿತ್ತು. ಅದರ ಜಾಗದಲ್ಲಿ ಅವರು ತಂದ ಹೊಸ ಯಂತ್ರ ಕೂತಿತು. ಬೆಟ್ಟದಾಚೆಗೂ ಕೇಳಿಸುತ್ತದೆ, ಸ್ವಾತಂತ್ರ್ಯದ ದನಿಗೆ ಗಡಿ ಎಲ್ಲಿ, ಎಂದು ಅವರ ಸಲಹೆಗಾರ ಬೆನ್ನು ತಟ್ಟಿಕೊಂಡ.

ಆ ಸಲಹೆಗಾರ ಕೆಟ್ಟವನಲ್ಲ. ಇವತ್ತಿಗೂ ಅವಳಿಗೆ ಅವನನ್ನು ಕೆಟ್ಟವನೆಂದು ಬೈಯಲು ಬಾಯಿ ಬರುವುದಿಲ್ಲ, ಅದೇ ಅವಳ ಸಂಕಟ. ಇಸ್ತ್ರಿ ಮುರಿಯದ ಅಂಗಿ, ಹಸುಗೂಸಿನಂಥ ಕೆನ್ನೆ. ಇಲ್ಲಿಯ ಭಾಷೆಯನ್ನು ಯಾವುದೋ ಶಾಲೆಯಲ್ಲಿ ಪುಸ್ತಕ ಹಿಡಿದು ಕಲಿತವನು. ಗೆದ್ದರೆ ಒಂದು, ಸೋತರೆ ಒಂದು ಎಂದು ಎರಡು ಟೇಪು ಮಾಡಿಸಿದ. ಸೋತದ್ದನ್ನು ಅವಳು ಸಲೀಸಾಗಿ ಓದಿದಳು: ಮನೆಯೊಳಗೇ ಇರಿ, ಬಾಗಿಲು ತೆರೆಯಬೇಡಿ. ಗೆದ್ದದ್ದನ್ನು ಓದುವಾಗ ಅವನು ಗಾಜಿನಾಚೆಯಿಂದ ಎದ್ದು ಒಳಗೇ ಬಂದ. "ತಾವು ಸರ್ವರಿಗಾಗಿ ಓದುತ್ತಿದ್ದೀರಿ. ತಾವು ಒಬ್ಬರಿಗಾಗಿ ಓದಿರಿ. ತಾವು ಅತ್ಯಂತ ಪ್ರೀತಿಸುವ ಒಬ್ಬರಿಗಾಗಿ," ಎಂದ. ಅವಳಿಗೆ ನಗು ಬಂತು. ಮದುವೆಯಾಗದ ಹೆಂಗಸು ಹಾಗೆ ಯಾರ ಮುಖ ನೆನೆದುಕೊಳ್ಳಬೇಕು? ತಮ್ಮನ ಮುಖ ಬಂತು. ಚಿಕ್ಕಂದಿನಲ್ಲಿ ಅವಳು ತಗಡಿನ ಡಬ್ಬವನ್ನು ಬಾಯಿಗೆ ಹಿಡಿದು ವಾರ್ತೆ ಓದುವ ಆಟವಾಡಿ, ಅದೇ ದನಿಯಲ್ಲಿ ಅವನನ್ನು ಊಟಕ್ಕೆ ಕರೆಯುತ್ತಿದ್ದಳು. ಅವನು ಕೋಣೆಯಿಂದ ಏಳುತ್ತಲೇ ಇರಲಿಲ್ಲ. "ಆ ಡಬ್ಬದ ದನೀಲಿ ಕರೀಬೇಡ ಅಕ್ಕಾ, ನಾನು ಊಟಕ್ಕೂ ಬರಲ್ಲ. ನಿನ್ನ ದನೀಲಿ ಕರಿ" ಎನ್ನುತ್ತಿದ್ದ. ಅವಳು ಡಬ್ಬ ಪಕ್ಕಕ್ಕಿಟ್ಟು, ಉಸಿರೆಳೆದುಕೊಂಡು, "ಬಾರೋ" ಎಂದರೆ ಮಾತ್ರ ಧಡಧಡ ಬರುತ್ತಿದ್ದ. ಸಲಹೆಗಾರನ ಎದುರು ಅವಳು ಆ ಡಬ್ಬವನ್ನೇ ಪಕ್ಕಕ್ಕಿಟ್ಟು, ಉಸಿರೆಳೆದುಕೊಂಡಳು. ದೊಡ್ಡವರು ಓಡಿಹೋಗಿದ್ದಾರೆ. ಊರು ನಮ್ಮದಾಗಿದೆ. ಮನೆಯಿಂದ ಹೊರಗೆ ಬನ್ನಿ. ಇನ್ನು ಹೆದರುವುದೇನೂ ಇಲ್ಲ. ಓದಿ ಮುಗಿಸಿದಾಗ ಗಾಜಿನಾಚೆ ಕತ್ತರಿಯಣ್ಣ ಕಣ್ಣು ಒರೆಸಿಕೊಳ್ಳುತ್ತಿದ್ದ.

ಮರುದಿನ ಅವಳು ಕ್ಯಾಂಟೀನಿನಲ್ಲಿ ಚಹಕ್ಕೆ ಊದುತ್ತಿದ್ದಾಗ ಗೋಡೆಯ ಪೆಟ್ಟಿಗೆಯಿಂದ ಅವಳದೇ ದನಿ ಬಂತು. ಊರು ನಮ್ಮದಾಗಿದೆ. ಅಯ್ಯೋ ದೇವರೇ, ಗೆದ್ದೇಬಿಟ್ಟೆವಾ, ಎಂದು ಲೋಟವನ್ನು ಹಿಡಿದುಕೊಂಡೇ ಬೀದಿಗೆ ಓಡಿದಳು. ತನ್ನ ದನಿಯನ್ನು ತಾನೇ ನಂಬಿ ಓಡಿದ ಮೂರ್ಖಳು ಭೂಮಿಯ ಮೇಲೆ ಇನ್ನೊಬ್ಬಳು ಇರಲಿಕ್ಕಿಲ್ಲ. ದಂಡಿನ ಪಾಳೆಯ ಇನ್ನೂ ಬಿದ್ದಿರಲಿಲ್ಲ, ದೊಡ್ಡವರು ಅದರೊಳಗೇ ಇದ್ದರು. ಜನ ಹೊರಗೆ ಬಂದರೆ ಗೆದ್ದ ಹಾಗೆಯೇ, ಆಮೇಲೆ ಪಾಳೆಯ ತಾನಾಗಿ ಶರಣಾಗುತ್ತದೆ ಎಂದು ಸಲಹೆಗಾರ ಲೆಕ್ಕ ಹಾಕಿ, ಗೆಲ್ಲುವ ಮುಂಚೆಯೇ ಗೆದ್ದ ಟೇಪನ್ನು ಹಾಕಿಸಿದ್ದ. ಜನ ಬಂದರು. ಇಷ್ಟು ಜನ ಬರುತ್ತಾರೆಂದು ಅವನೂ ಎಣಿಸಿರಲಿಲ್ಲ. ಸಹಾಯಕ್ಕೆಂದು ಬಂದ ಹೊರದೇಶದ ವಿಮಾನಗಳು ಸೇತುವೆಯ ಮೇಲೆ ಕಪ್ಪಗೆ ಸಾಲುಗಟ್ಟಿದ್ದವರನ್ನು ಮೇಲಿನಿಂದ ಕಂಡು ದಂಡು ಎಂದು ತಿಳಿದು ಬಾಂಬು ಹಾಕಿದವು. ಉಳಿದವರನ್ನು ಪಾಳೆಯದಿಂದ ಹೊರಬಂದ ನಿಜವಾದ ದಂಡು ನೋಡಿಕೊಂಡಿತು. ಅವಳ ತಮ್ಮನೂ ಸೇತುವೆಯ ಮೇಲಿದ್ದ. ಹೊಳೆಗೆ ಬಿದ್ದು ಈಜಿ, ಬೆಟ್ಟ ಹತ್ತಿ, ಗಡಿಯಾಚೆ ಹೋದನೆಂದು ಎಷ್ಟೋ ತಿಂಗಳ ಮೇಲೆ ತಿಳಿಯಿತು. ಹೊರದೇಶದವರು ಒಂದು ಮಧ್ಯಾಹ್ನ ಗಂಟುಮೂಟೆ ಕಟ್ಟಿದರು. ಹೋಗುವಾಗ ಸಲಹೆಗಾರ ಅವಳ ಕೈ ಹಿಡಿದುಕೊಂಡು "ತಮ್ಮ ಕಂಠ ಅತ್ಯುತ್ತಮವಾಗಿತ್ತು" ಎಂದ. ಯಂತ್ರ ಬಹಳ ಭಾರ, ಅದನ್ನು ಇಲ್ಲೇ ಬಿಟ್ಟುಹೋದರು.

ತನ್ನನ್ನು ಸೆರೆಮನೆಗೆ ಹಾಕುತ್ತಾರೆ ಎಂದುಕೊಂಡಿದ್ದಳು. ಹಾಕಿದ್ದರೆ ಒಂದು ನೆಮ್ಮದಿ. ಒಳ್ಳೆ ದನಿ, ಯಾಕೆ ಹಾಳು ಮಾಡಬೇಕು ಎಂದರಂತೆ ದೊಡ್ಡವರು. ಅಂದಿನಿಂದ ಅದೇ ಕುರ್ಚಿ, ಅದೇ ಕೆಂಪು ದೀಪ, ಅದೇ ಮೈಕು. ಈಗ ದೊಡ್ಡವರ ಮಾತು ಬೆಟ್ಟದಾಚೆಗೂ ಕೇಳಿಸುತ್ತದೆ. ಅಷ್ಟು ದೂರ ಅವರ ಅಪ್ಪನ ಕಾಲದಲ್ಲೂ ಕೇಳಿಸಿರಲಿಲ್ಲ. ಮತ್ತು ನಿನ್ನೆ ಕೇಂದ್ರದ ನಿರ್ದೇಶಕರು ಅವಳನ್ನು ಕರೆದು ಕೂರಿಸಿ, ಗಂಟಲಿಗೆ ಒಳ್ಳೆಯದೆಂದು ಒಂದು ಪೆಪ್ಪರಮೆಂಟು ಕೊಟ್ಟು, ಕ್ಷಮಾದಾನದ ಪ್ರಕಟಣೆಯನ್ನು ನೀವೇ ಓದಬೇಕು ಎಂದಿದ್ದರು. ಗಡಿಯಾಚೆ ಇರುವವರೆಲ್ಲ ಮನೆಗೆ ಮರಳಬಹುದು. ಯಾರನ್ನೂ ಹಿಡಿಯುವುದಿಲ್ಲ, ಯಾರನ್ನೂ ಏನೂ ಕೇಳುವುದಿಲ್ಲ. "ಕಳೆದ ಸಲ ಬೇರೆಯವರು ಓದಿದ್ರು, ಯಾರೂ ನಂಬಲಿಲ್ಲಮ್ಮಾ. ನೀವು ಕರೆದ್ರೆ ಬರ್ತಾರೆ. ಬಂದಿದ್ರಲ್ಲ," ಎಂದರು. ಚುಚ್ಚಿ ಹೇಳಿದ್ದೋ ಹೊಗಳಿ ಹೇಳಿದ್ದೋ ಅವರ ಮುಖದಲ್ಲಿ ಗೊತ್ತಾಗಲಿಲ್ಲ.

ನಿಜವೋ ಸುಳ್ಳೋ ಯಾರು ಬಲ್ಲರು? ಯಾರೂ ನಂಬಲಿಲ್ಲ ಎಂದರೂ ಕಳೆದ ಸಲ ಇಬ್ಬರು ಬಂದಿದ್ದರು. ಒಬ್ಬ ಈಗ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಮಾರುತ್ತಾನೆ, ದಷ್ಟಪುಷ್ಟವಾಗಿದ್ದಾನೆ, ಕೇಳಿದರೆ ನಗುತ್ತಾನೆ. ಇನ್ನೊಬ್ಬನನ್ನು ಬಂದ ಮರುದಿನದಿಂದ ಯಾರೂ ಕಂಡಿಲ್ಲ. ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಅವಳು. ಆದರೆ ದಿನವೆಲ್ಲ ಹೊರಗೆ ಮೂಕಿಯಾದವಳಿಗೆ ಮನೆಯಲ್ಲಿ ಬಾಯಿ ನಿಲ್ಲುವುದಿಲ್ಲ. ತಟ್ಟೆ ತೊಳೆಯುತ್ತಿದ್ದ ತಮ್ಮನ ಹೆಂಡತಿಗೆ ಹೇಳಿಬಿಟ್ಟಳು. ಆಕೆಯ ಕೈಯಿಂದ ತಟ್ಟೆ ಜಾರಿ ಠಣ್ಣನೆ ಬಿತ್ತು. "ಅತ್ತಿಗೆ, ಅವರು ಬರ್ತಾರಾ?" ಎಂದಳು. ಮದುವೆಯಾದ ವರ್ಷವೇ ಗಂಡನನ್ನು ರೇಡಿಯೋಗೆ ಒಪ್ಪಿಸಿ, ಆ ರೇಡಿಯೋದವಳ ಜೊತೆಗೇ ಒಂದು ಸೂರಿನಡಿ ಬಾಳುತ್ತಿರುವ ಹೆಣ್ಣು. ಇಷ್ಟು ವರ್ಷದಲ್ಲಿ ಒಂದು ಸಲ, ಬಾಯಿ ತಪ್ಪಿಯೂ, ನೀವೇ ಕರೆದದ್ದು ಎಂದು ಆಡಿದವಳಲ್ಲ. ಆಡಿದ್ದರೆ ಚೆನ್ನಾಗಿತ್ತು. "ಅದು ಬಲೆಯೋ ಏನೋ, ಹೇಗೆ ಹೇಳೋದು" ಎಂದಳು ಅವಳು. "ಚಪ್ಪಲಿಯವನು ಇದ್ದಾನಲ್ಲ!" "ಇನ್ನೊಬ್ಬ ಎಲ್ಲಿ?" "ಎಲ್ಲೋ ಕೆಲಸಕ್ಕೆ ಹೋಗಿರ್ತಾನೆ, ಬೇರೆ ಊರಿಗೆ. ಅತ್ತಿಗೆ, ಅವರು ಅಲ್ಲಿ ಇಟ್ಟಿಗೆ ಗೂಡಲ್ಲಿ ಹೊಗೆ ಕುಡೀತಾ ಕೂತಿದ್ದಾರೆ. ನಿಮ್ಮ ವಾರ್ತೆ ಒಂದಿನಾನೂ ತಪ್ಪಿಸಲ್ವಂತೆ, ಚಪ್ಪಲಿಯವನೇ ಹೇಳಿದ. ಚೆನ್ನಾಗಿ ಓದಿ ಅತ್ತಿಗೆ. ನಿಮ್ಮ ದನೀಲಿ ಓದಿ. ನನಗೆ ಇನ್ನೇನೂ ಬೇಡ." ಆಕೆಯ ಒದ್ದೆ ಕೈ ಅವಳ ಮೊಣಕೈ ಹಿಡಿದಿತ್ತು. ಇದು ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಕರೆದು, ಅವನು ಬಂದು, ಹಿಡಿದುಹಾಕಿದರೆ? ಕರೆಯದೆ, ಮಾತು ನಿಜವೇ ಆಗಿದ್ದು, ಅವನು ಆ ಹೊಗೆಯಲ್ಲೇ ಮುದುಕನಾದರೆ? ಯಾವುದಾದರೂ ಒಂದು ಪಾಪವನ್ನು ಮಾಡಲೇಬೇಕು, ಯಾವುದು ಸಣ್ಣದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಸ್ಟುಡಿಯೋದ ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಕಿವಿಯಲ್ಲಿ ಹತ್ತಿ ತುರುಕಿದ ಹಾಗಾಯಿತು. ಇಲ್ಲಿ ಹೊರಗಿನ ಯಾವ ಸದ್ದೂ ಇಲ್ಲ, ತನ್ನ ನೆತ್ತರಿನದು ಮಾತ್ರ. ಟೊಮೇಟೊ ಚೀಲವನ್ನು ಕುರ್ಚಿಯ ಕಾಲಿಗೆ ಒರಗಿಸಿಟ್ಟಳು. ಗಾಜಿನಾಚೆ ನಿರ್ದೇಶಕರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು, ಕತ್ತರಿಯಣ್ಣ ಟೇಪಿನ ಚಕ್ರಗಳ ಮುಂದೆ ಬೆನ್ನು ಬಾಗಿಸಿದ್ದ. ಅವನ ತಲೆಯ ಮೇಲೆ ಗೋಡೆಯಲ್ಲಿ ಸಾಲಾಗಿ ಮೊಳೆ ಹೊಡೆದಿವೆ. ಓದುವವರ ಉಸಿರನ್ನು, ತೊದಲನ್ನು ಟೇಪಿನಿಂದ ಬ್ಲೇಡಿನಲ್ಲಿ ಕೊಯ್ದು ತೆಗೆದು, ಆ ತುಂಡುಗಳನ್ನು ಅಲ್ಲಿ ತೂಗುಹಾಕುತ್ತಾನೆ. ಎಲ್ಲಾದರೂ ಎರಡು ಮಾತಿನ ನಡುವೆ ಬಿಡುವು ಬೇಕಾದರೆ ಅದರಲ್ಲೊಂದನ್ನು ತಂದು ಅಂಟಿಸುತ್ತಾನೆ. "ನಿನ್ನ ಉಸಿರೆಲ್ಲ ನನ್ನ ಮೊಳೆ ಮೇಲಿದೆ ಕಣಮ್ಮಾ" ಎಂದು ತಮಾಷೆ ಮಾಡುತ್ತಿದ್ದ ಒಂದು ಕಾಲದಲ್ಲಿ. ಹೋದ ತಿಂಗಳು ಅವಳು ಅವನನ್ನು ಕೇಳಿದ್ದಳು, ಆ ಎರಡು ಟೇಪು ಏನಾದವು ಎಂದು. "ಸೋತದ್ದನ್ನ ಅಳಿಸಿ ಅದರ ಮೇಲೆ ಹವಾಮಾನ ಹಾಕಿದ್ವಿ. ಗೆದ್ದದ್ದು ಇದೆ. ಇಟ್ಟಿರಿ ಅಂತ ಮೇಲಿಂದ ಹೇಳಿದ್ರು" ಎಂದಿದ್ದ. ಯಾಕೆ ಎಂದು ಅವಳು ಕೇಳಿರಲಿಲ್ಲ. ಮನೆಯೊಳಗೇ ಇರಿ ಎಂದ ತನ್ನ ಮಾತು ಮೋಡ ಮಳೆಯ ಕೆಳಗೆ ಹೂತುಹೋಯಿತಲ್ಲ ಎಂದಷ್ಟೇ ಅನಿಸಿತ್ತು.

ಕೆಂಪು ದೀಪ ಹತ್ತಿತು. ಹಾಳೆಯಲ್ಲಿ ಮೊದಲ ಸಾಲು: ಪ್ರೀತಿಯ ಸೋದರರೇ. ಕೊನೆಯ ಕ್ಷಣದವರೆಗೂ ಅವಳಿಗೆ ತಾನು ಏನು ಮಾಡುತ್ತೇನೆಂದು ತಿಳಿದಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ಡಬ್ಬದ ದನಿ. ತಾನಾಗಿ ಬಂತು. ಬಂದ ಮೇಲೆ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಬರಬೇಡ ಕಣೋ, ಗೊತ್ತಿಲ್ಲ ನನಗೆ, ಗೊತ್ತಾಗುವವರೆಗೆ ಬರಬೇಡ. ಒಂದೊಂದು ಪದವನ್ನೂ ಇಸ್ತ್ರಿ ಹಾಕಿದ ಹಾಗೆ ಮಟ್ಟಸವಾಗಿ, ಸ್ಪಷ್ಟವಾಗಿ, ಒಂದು ತಪ್ಪೂ ಇಲ್ಲದೆ ಓದಿದಳು. ಸಕ್ಕರೆಯ ಆಮದಿನ ವಾರ್ತೆಯನ್ನು ಹೀಗೆಯೇ ಓದುತ್ತಿದ್ದಳು. ತಪ್ಪು ಹಿಡಿಯಲು ಏನೂ ಇರಲಿಲ್ಲ. ನಿರ್ದೇಶಕರು ಇನ್ನೊಮ್ಮೆ ಓದಿಸಿದರು. ಮತ್ತೂ ಒಮ್ಮೆ. ಆಮೇಲೆ ಒಳಗೆ ಬಂದು, ಮೈಕಿನ ಪಕ್ಕ ಕೂತು, ಇನ್ನೊಂದು ಪೆಪ್ಪರಮೆಂಟು ಕೊಟ್ಟರು.

"ಈ ದನಿಗೆ ನಾನೇ ಬರಲ್ಲಮ್ಮಾ, ಅವರು ಬೆಟ್ಟ ಹತ್ತಿ ಬರ್ತಾರಾ?"

"ನನ್ನ ದನಿ ಇಷ್ಟೇ ಸಾರ್."

"ಇಷ್ಟೇನಾ?"

"ವಯಸ್ಸಾಯ್ತು ಸಾರ್."

ಅವರು ಅವಳ ಮುಂದಿನ ಹಾಳೆಯನ್ನು ತೆಗೆದು ಮಡಿಚಿದರು. ಅವಳ ಬಾಯಲ್ಲಿ ಪೆಪ್ಪರಮೆಂಟು ಕರಗದೆ ಕೂತಿತ್ತು. ಹೊಡೆಯಲಿ, ಕೂಗಲಿ, ಕೆಲಸದಿಂದ ತೆಗೆಯಲಿ ಎಂದುಕೊಂಡಳು. "ಸರಿ ಬಿಡಿ," ಎಂದರು ಅವರು, ನಿಜಕ್ಕೂ ಅಕ್ಕರೆಯಿಂದ. "ಆಯಾಸ ಆಗಿದೆ ನಿಮಗೆ. ಸಂಜೆ ವಾರ್ತೆಗೆ ಬೇರೆಯವರು ಇದ್ದಾರೆ. ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ." ಕೋಣೆಯಿಂದ ಹೊರಬರುವಾಗ ಕತ್ತರಿಯಣ್ಣ ಬೀರುವಿನ ಬಾಗಿಲು ತೆರೆದುಕೊಂಡು ನಿಂತಿದ್ದ. ಹೋಗಿ ಬರ್ತೀನಣ್ಣ ಎಂದಳು. ಅವನು ತಿರುಗದೆ, "ನೀರು ಕುಡಿದು ಹೋಗಮ್ಮಾ, ಬಿಸಿಲು" ಎಂದ.

ಬೀದಿಗೆ ಇಳಿದವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗಿಹೋಯಿತು! ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಓದು ಎಂದರು, ಓದಿದೆ. ಇಟ್ಟಿಗೆ ಗೂಡಿನ ಪಕ್ಕ ಕೂತು ತಮ್ಮ ಕೇಳುತ್ತಾನೆ, ಡಬ್ಬದ ದನಿ ಕೇಳಿ ಮೂಗು ಮುರಿಯುತ್ತಾನೆ, ಊಟಕ್ಕೂ ಏಳುವುದಿಲ್ಲ. ತಮ್ಮನ ಹೆಂಡತಿ ಅಳುತ್ತಾಳೆ. ಅಳಲಿ, ಅವಳ ಕಾಲು ಹಿಡಿದಾದರೂ ಸಮಾಧಾನ ಮಾಡಿದರಾಯಿತು. ತರಕಾರಿ ಅಂಗಡಿಯ ಮುಂದೆ ಬಂದಾಗ ಅಂಗಡಿಯವನೇ ಕೂತಿದ್ದ. ಏನು ಹುಚ್ಚೋ, ನೆಟ್ಟಗೆ ಹೋಗಿ, "ಒಂದು ಹಿಡಿ ಹಸಿಮೆಣಸಿನಕಾಯಿ ಕೊಡಪ್ಪಾ, ಬೆಳಗ್ಗೆ ಮರೆತೆ" ಎಂದಳು, ತನ್ನದೇ ದನಿಯಲ್ಲಿ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಹೆಂಡತಿ ಅಷ್ಟರಲ್ಲಿ ಅವನಿಗೆ ಎಲ್ಲ ಹೇಳಿದ್ದಳೋ ಏನೋ. ಮೆಣಸಿನಕಾಯಿ ಕೊಟ್ಟು, ದುಡ್ಡು ತೆಗೆದುಕೊಂಡ.

ಸಂಜೆ ವಾರ್ತೆಯ ಹೊತ್ತಿಗೆ ತಮ್ಮನ ಹೆಂಡತಿ ರೇಡಿಯೋವನ್ನು ಅಡುಗೆಮನೆಯಿಂದ ತಂದು ಊಟದ ಮೇಜಿನ ಮೇಲೆ ಇಟ್ಟಿದ್ದಳು, ಮಾಸಿದ ಬಟ್ಟೆ ಬದಲಾಯಿಸಿದ್ದಳು. ಅವಳು ಎದುರಿಗೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ, ಮುಂಚೆಯೇ ಹೇಳಿಬಿಡಲೇ ಬೇಡವೇ ಎಂದು ಲೆಕ್ಕ ಹಾಕುತ್ತಿದ್ದಳು. ಬೇರೆಯವಳೊಬ್ಬಳು ವಾರ್ತೆ ಓದಿದಳು. ಆಮೇಲೆ, ಈಗ ಒಂದು ವಿಶೇಷ ಪ್ರಕಟಣೆ. ಪ್ರೀತಿಯ ಸೋದರರೇ, ಎಂದಿತು ಡಬ್ಬದ ದನಿ. ದೊಡ್ಡವರು ತಮ್ಮೆಲ್ಲರನ್ನೂ ಕ್ಷಮಿಸಿದ್ದಾರೆ. ತಮ್ಮನ ಹೆಂಡತಿಯ ಮುಖ ಸಣ್ಣಗಾಯಿತು. ಆಕೆ ಅತ್ತಿಗೆಯ ಕಡೆ ತಿರುಗಿದಳು, ಇದೇನು ಮಾಡಿದಿರಿ ಎಂಬ ಹಾಗೆ. ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಒಂದು ಉಸಿರು ಕೇಳಿಸಿತು. ಅವಳ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೆಯೇ ನಿಂತಿತು. ಆ ಉಸಿರು ಅವಳಿಗೆ ಗೊತ್ತು. ಇವತ್ತು ಅವಳು ಹಾಗೆ ಉಸಿರಾಡಲೇ ಇಲ್ಲ. ಅದು ಡಬ್ಬ ಪಕ್ಕಕ್ಕಿಟ್ಟ ಮೇಲಿನ ಉಸಿರು.

ಮನೆಯಿಂದ ಹೊರಗೆ... ಎಂಬುದನ್ನು ಬ್ಲೇಡು ನುಣ್ಣಗೆ ಕೊಯ್ದು ಹಾಕಿತ್ತು. ಉಳಿದದ್ದು ಬಂತು, ಬೆಟ್ಟದಾಚೆಗೂ ಕೇಳಿಸುವ ಯಂತ್ರದಿಂದ, ಬೆಚ್ಚಗೆ, ಪಕ್ಕದ ಕೋಣೆಯಿಂದ ಕರೆದಷ್ಟು ಹತ್ತಿರದಿಂದ. ಬನ್ನಿ. ಇನ್ನು ಹೆದರುವುದೇನೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಟೇಪು ಕಂಡವರು ಕಟ್ಟಿದ ಗಾದೆಯಲ್ಲ ಅದು. ಬನ್ನಿ. ಇನ್ನು ಹೆದರುವುದೇನೂ ಇಲ್ಲ. ಎರಡು ಸಲ ಹಾಕಿದ್ದರು. ಕತ್ತರಿಯಣ್ಣನ ಕೈ ಒಳ್ಳೆಯ ಕೈ, ಅಂಟಿಸಿದ ಜಾಗ ಎಲ್ಲಿಯೂ ತಿಳಿಯುತ್ತಿರಲಿಲ್ಲ. ಅವಳಿಗೇ ಒಂದು ಗಳಿಗೆ, ಹೌದಲ್ಲ, ಹೆದರುವುದೇನಿದೆ, ಎನಿಸಿತು. ಈ ಪ್ರಕಟಣೆಯನ್ನು ಗಂಟೆಗೊಮ್ಮೆ ಪ್ರಸಾರ ಮಾಡಲಾಗುವುದು ಎಂದಿತು ಬೇರೆಯವಳ ದನಿ.

"ಅತ್ತಿಗೆ!" ಎಂದು ತಮ್ಮನ ಹೆಂಡತಿ ಎದ್ದು ಬಂದು ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಆಕೆಯ ಕೆನ್ನೆ ಒದ್ದೆಯಾಗಿತ್ತು. "ಮೊದಲು ಕೇಳಿ ನನಗೆ ಕೋಪ ಬಂತು, ಬಿಟ್ಟುಬಿಡಿ ಅತ್ತಿಗೆ. ಎಷ್ಟು ಚೆನ್ನಾಗಿ ಕರೆದ್ರಿ!"

"ನಾನಲ್ಲ," ಎಂದಳು ಅವಳು. "ಅದು ನಾನಲ್ಲ ಕಣೇ. ಇವತ್ತಿನದಲ್ಲ ಅದು. ಅವತ್ತಿನದನ್ನ ತಂದು ಅಂಟಿಸಿದ್ದಾರೆ. ಅವನು ಬರಬಾರದು, ಕೇಳು, ಹೇಗಾದ್ರೂ ಮಾಡಿ ಹೇಳಿ ಕಳಿಸಬೇಕು..." ಯಾರ ಕೈಯಲ್ಲಿ? ಬೆಟ್ಟದಾಚೆಗೆ ಹೋಗುವುದು ಒಂದೇ ಒಂದು, ಅದು ಈ ಪೆಟ್ಟಿಗೆಯೊಳಗಿನ ದನಿ.

ತಮ್ಮನ ಹೆಂಡತಿ ಅಳುತ್ತಲೇ ನಕ್ಕಳು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು. "ಹೋಗಿ ಅತ್ತಿಗೆ, ನಿಮ್ಮ ದನಿ ನನಗೆ ಗೊತ್ತಾಗಲ್ವಾ?" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಕಪಾಟಿನಿಂದ ಮೂರನೆಯ ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಮುಂಬಾಗಿಲಿಗೆ ಹೋಗಿ, ದಂಗೆಯ ದಿನದಿಂದ ಹಗಲೂ ಹಾಕಿಯೇ ಇಡುತ್ತಿದ್ದ ಚಿಲಕವನ್ನು ತೆಗೆದಳು.